ತೋಟದ ವಿಷವೂ ಮನೆಯ ನಾಯಿಯೂ

ನಾಯಿಯನ್ನು ಸಾಕುವವರಿಗೂ ಮನೆಯ ಮುಂದೆ ನಾಲ್ಕು ಗಿಡಗಳನ್ನು ಬೆಳೆಸುವವರಿಗೂ ಸ್ವಭಾವದಲ್ಲಿ ಒಂದು ಸಾಮ್ಯವುಂಟು. ಇಬ್ಬರೂ ಲಾಭನಷ್ಟದ ಲೆಕ್ಕವನ್ನು ಬದಿಗಿಟ್ಟು ಮೂಕಜೀವಿಗಳ ಸೇವೆಯಲ್ಲಿ ಸುಖವನ್ನು ಕಾಣುವವರು. ಬೆಳಗ್ಗೆ ಎದ್ದೊಡನೆ ಒಬ್ಬರು ಮೊಗ್ಗುಗಳನ್ನು ಎಣಿಸುತ್ತಾರೆ. ಇನ್ನೊಬ್ಬರು ಬಾಗಿಲು ತೆರೆದು ಬಾಲದ ಕುಣಿತವನ್ನು ನೋಡುತ್ತಾರೆ. ಅನೇಕ ಮನೆಗಳಲ್ಲಿ ಈ ಎರಡು ಪ್ರೀತಿಗಳೂ ಒಟ್ಟಿಗೆ ಇರುತ್ತವೆ. ನಮ್ಮ ಮನೆಯಲ್ಲಿಯೂ ಇವೆ. ಅವು ಒಂದಕ್ಕೊಂದು ವಿರೋಧವಾಗಿ ನಿಲ್ಲುವುದು ಒಂದೇ ಒಂದು ಸಂದರ್ಭದಲ್ಲಿ: ಗಿಡವನ್ನು ಉಳಿಸಲೆಂದು ತಂದ ಮದ್ದು ನಾಯಿಯ ಹೊಟ್ಟೆಯನ್ನು ಸೇರಿದಾಗ. ಆ ಗಳಿಗೆಯಲ್ಲಿ ಮನೆಯವರು ಏನು ಮಾಡತಕ್ಕದ್ದು, ಏನು ಮಾಡತಕ್ಕದ್ದಲ್ಲ ಎಂಬುದನ್ನು ಗೃಹಸ್ಥರಾದವರು ಮೊದಲೇ ತಿಳಿದಿರುವುದು ಒಳ್ಳೆಯದು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವನ ಕಥೆ ಎಲ್ಲರಿಗೂ ಗೊತ್ತಿರುವುದೇ.

ನಾಯಿಯು ಮೂಗಿನಿಂದ ಲೋಕವನ್ನು ತಿಳಿಯುವ ಪ್ರಾಣಿ. ನಮಗೆ ಕಣ್ಣು ಹೇಗೋ ಅದಕ್ಕೆ ಮೂಗು ಹಾಗೆ. ಮೂಗಿಗೆ ಹಿತವಾದುದನ್ನು ನಾಲಗೆಯಿಂದ ಪರೀಕ್ಷಿಸದೆ ಬಿಡುವುದು ಅದರ ಜಾತಿಧರ್ಮವಲ್ಲ. ತೋಟದ ಮದ್ದುಗಳಾದರೋ ಎರಡು ಬಗೆ. ಎಲೆಯ ಮೇಲೆ ಸಿಂಪಡಿಸತಕ್ಕವು ಕೆಲವು. ಆಸೆ ತೋರಿಸಿ ಕೊಲ್ಲತಕ್ಕವು ಕೆಲವು. ಈ ಎರಡನೆಯ ಬಗೆಯವೇ ನಾಯಿಗೆ ಹೆಚ್ಚು ಅಪಾಯಕರ. ಬಸವನಹುಳುವನ್ನು ಕೊಲ್ಲುವ ಗುಳಿಗೆಯನ್ನು ತೌಡು, ಬೆಲ್ಲದ ಪಾಕ ಮುಂತಾದವುಗಳ ಜೊತೆಯಲ್ಲಿ ಕಲಸಿ ಮಾಡಿರುತ್ತಾರೆ. ಇಲಿಪಾಷಾಣವನ್ನು ಹಿಟ್ಟಿನಲ್ಲಿಯೋ ಧಾನ್ಯದಲ್ಲಿಯೋ ಬೆರೆಸಿರುತ್ತಾರೆ. ಹುಳುವಿಗೂ ಇಲಿಗೂ ರುಚಿಯಾದುದು ನಾಯಿಗೂ ರುಚಿಯೇ. ಇದು ವಿಷವೆಂದು ನಾಯಿಗೆ ಹೇಳತಕ್ಕವರು ಯಾರು? ತನ್ನ ಮನೆಯ ಅಂಗಳದಲ್ಲಿ ಬಿದ್ದಿರುವುದೆಲ್ಲ ತನ್ನದೆಂದೇ ಅದು ನಂಬಿರುತ್ತದೆ.

ನಮ್ಮ ಕಡೆಯ ತೋಟಗಳಲ್ಲಿ ಈ ಗುಳಿಗೆಗಳ ಬಳಕೆಗೆ ಮುಖ್ಯ ಕಾರಣವೆಂದರೆ ಆಫ್ರಿಕದ ದೈತ್ಯ ಬಸವನಹುಳು. ಇದು ಈ ದೇಶದ್ದಲ್ಲ. ೧೮೪೭ರಲ್ಲಿ ಶಂಖಚಿಪ್ಪುಗಳ ಅಭ್ಯಾಸಿಯಾದ ಬೆನ್ಸನ್ ಎಂಬವನು ಮಾರಿಷಸ್ಸಿನಿಂದ ತಂದು ಕಲಕತ್ತೆಯ ತೋಟವೊಂದರಲ್ಲಿ ಬಿಟ್ಟನೆಂದು ಪ್ರಾಣಿಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಅಲ್ಲಿಂದ ಹೊರಟ ಸಂತತಿಯು ಇಂದು ಕೊಡಗಿನ ಕಾಫಿಯ ತೋಟಗಳಲ್ಲಿಯೂ ಬೆಂಗಳೂರಿನ ಹಿತ್ತಿಲುಗಳಲ್ಲಿಯೂ ಮಳೆ ಬಿದ್ದೊಡನೆ ಏಳುತ್ತದೆ. ಒಂದೇ ರಾತ್ರಿಯಲ್ಲಿ ಸೊಪ್ಪಿನ ಮಡಿಯೊಂದು ಬರಿದಾಗುವುದನ್ನು ಕಂಡವರು ಗುಳಿಗೆಯ ಪೊಟ್ಟಣವನ್ನು ಹುಡುಕಿಕೊಂಡು ಹೋದರೆ ಅವರನ್ನು ದೂಷಿಸುವುದು ನ್ಯಾಯವಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಮನೆಯ ಹಿತ್ತಿಲಿಗೆ ಈ ಹುಳುಗಳು ಮುತ್ತಿದುವು. ಆ ಮನೆಯ ಯಜಮಾನರು ಗೊಬ್ಬರದ ಅಂಗಡಿಯಿಂದ ಗುಳಿಗೆಗಳನ್ನು ತಂದು, ಸಂಜೆಯ ಹೊತ್ತು ಬದನೆಯ ಸಾಲಿನ ಬುಡದಲ್ಲಿ ಹಾಕಿಸಿದ್ದರು. ಅದೇ ಮಧ್ಯಾಹ್ನದ ಗಾಳಿಗೆ ನುಗ್ಗೆಯ ಕೊಂಬೆಯೊಂದು ಮುರಿದು ನಡುವಣ ಬೇಲಿಯ ಮೇಲೆ ಬಿದ್ದು ಕಿಂಡಿಯಾಗಿದ್ದುದನ್ನು ಇತ್ತ ನಾವಾಗಲಿ ಅತ್ತ ಅವರಾಗಲಿ ಕಂಡಿರಲಿಲ್ಲ. ನಮ್ಮ ನಾಯಿ ಕಾಳ ಮಾತ್ರ ಕಂಡಿದ್ದ. ಸಂಜೆ ಆರೂವರೆಯ ಸುಮಾರಿಗೆ ಯಜಮಾನರು ಬರಿಗಾಲಿನಲ್ಲಿ ಓಡುತ್ತ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಪೊಟ್ಟಣವಿತ್ತು. “ಸ್ವಾಮಿ, ನಿಮ್ಮ ಕಾಳ ನಮ್ಮ ಮಡಿಯಲ್ಲಿದ್ದ ಗುಳಿಗೆಯನ್ನು ನೆಕ್ಕಿಬಿಟ್ಟಿದ್ದಾನೆ. ಹತ್ತು ನಿಮಿಷ ಆಗಿರಬೇಕು. ಎರಡು ಹಿಡಿಯಷ್ಟು ಹಾಕಿಸಿದ್ದೆ, ಒಂದು ಹಿಡಿ ಕಾಣುತ್ತಿಲ್ಲ. ತಡಮಾಡಬೇಡಿ” ಎಂದರು.

ಈ ಮಾತನ್ನು ನಾವು ಪುನಃ ಪುನಃ ನೆನೆದಿದ್ದೇವೆ. ಅವರು ಸುಮ್ಮನಿದ್ದುಬಿಡಬಹುದಾಗಿತ್ತು. ಬೇಲಿ ಹಾರಿ ಬಂದದ್ದು ನಮ್ಮ ನಾಯಿ. ಗುಳಿಗೆ ಇದ್ದದ್ದು ಅವರ ನೆಲದಲ್ಲಿ. ನಾಳೆ ಜಗಳವಾದೀತೆಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ ಕೇಳತಕ್ಕವರು ಯಾರೂ ಇರಲಿಲ್ಲ. ಅವರು ಓಡಿಬಂದು ಹೇಳಿದ ಮೂರು ಸಂಗತಿಗಳು, ಎಂದರೆ ಯಾವ ವಿಷ, ಎಷ್ಟು ಪ್ರಮಾಣ, ಎಷ್ಟು ಹೊತ್ತಾಯಿತು ಎಂಬುವು, ಆ ರಾತ್ರಿ ಯಾವ ಔಷಧಕ್ಕಿಂತಲೂ ಹೆಚ್ಚು ಕೆಲಸ ಮಾಡಿದುವು.

ಕಾಳ ಆಗ ಅಂಗಳದಲ್ಲಿ ಯಥಾಪ್ರಕಾರ ಬಾಲವಾಡಿಸುತ್ತ ನಿಂತಿದ್ದ. ನಮ್ಮ ಮನೆಯ ಹಿರಿಯರಾದ ದೊಡ್ಡಮ್ಮನವರು ಒಳಗಿನಿಂದಲೇ, “ಹುಣಿಸೆಹಣ್ಣು ಕಿವುಚಿ ಉಪ್ಪು ಹಾಕಿ ಗಂಟಲಿಗೆ ಹೊಯ್ಯಿರೋ, ಎಲ್ಲ ಕಕ್ಕಿಬಿಡುತ್ತದೆ” ಎಂದು ಕೂಗಿ, ತಾವೇ ಬಟ್ಟಲನ್ನು ಹಿಡಿದು ಬಂದರು. ಅಷ್ಟರಲ್ಲಿ ಪಶುವೈದ್ಯರಿಗೆ ಫೋನು ಮಾಡಿಯಾಗಿತ್ತು. ಅವರು ಕೇಳಿದ ಪ್ರಶ್ನೆಗಳು ಐದು. ಪೊಟ್ಟಣದ ಮೇಲೆ ಏನು ಬರೆದಿದೆ? ಶೇಕಡ ಎಷ್ಟು? ಎಷ್ಟು ತಿಂದಿದೆ? ನಾಯಿಯ ತೂಕವೆಷ್ಟು? ಈಗ ಹೇಗಿದೆ? ಪೊಟ್ಟಣದ ಮೇಲೆ ಮೆಟಾಲ್ಡಿಹೈಡ್ ಶೇಕಡ ೨.೫ ಎಂದಿತ್ತು. ಒಂದು ಹಿಡಿಯೆಂದರೆ ಸುಮಾರು ೪೦ ಗ್ರಾಂ. ಅದರಲ್ಲಿ ನಿಜವಾದ ವಿಷ ಒಂದು ಗ್ರಾಂ, ಎಂದರೆ ಒಂದು ಸಾವಿರ ಮಿಲಿಗ್ರಾಂ. ಕಾಳನ ತೂಕ ೧೮ ಕಿಲೋ. ಹಾಗಾದರೆ ಕಿಲೋ ಒಂದಕ್ಕೆ ಐವತ್ತು ಮಿಲಿಗ್ರಾಮಿಗೂ ಮೀರಿತು. ವೈದ್ಯರು ಈ ಲೆಕ್ಕವನ್ನು ಬಾಯಲ್ಲೇ ಮಾಡಿ, “ಇದು ಸಣ್ಣ ಮೊತ್ತವಲ್ಲ. ಬಾಯಿಗೆ ಏನೂ ಹಾಕಬೇಡಿ. ಹುಣಿಸೆಯ ನೀರೂ ಬೇಡ, ಉಪ್ಪೂ ಬೇಡ. ಪೊಟ್ಟಣವನ್ನು ತೆಗೆದುಕೊಂಡು ಈಗಲೇ ಹೊರಡಿ” ಎಂದರು.

ದೊಡ್ಡಮ್ಮನವರಿಗೆ ಇದು ಹಿಡಿಸಲಿಲ್ಲ. ಎಪ್ಪತ್ತು ವರ್ಷ ಹಸುಕರುಗಳನ್ನು ಸಾಕಿ ಬದುಕಿಸಿದ ಕೈ ಅದು. ಆದರೂ ಅವರು ಬಟ್ಟಲನ್ನು ಕೆಳಗಿಟ್ಟರು. ನಾಯಿಯನ್ನು ನಡುಮನೆಯ ಹೊಸಲು ದಾಟಿಸದ ಆ ಹಿರಿಯರು ತಮ್ಮ ಹಳೆಯ ಸೀರೆಯೊಂದನ್ನು ತಂದು, “ಇದರಲ್ಲಿ ಸುತ್ತಿಕೊಳ್ಳಿ, ದಾರಿಯಲ್ಲಿ ಒದ್ದಾಡಿದರೆ ಪೆಟ್ಟಾದೀತು” ಎಂದರು. ಆ ಮಾತು ನಿಜವಾಯಿತು. ಚಿಕಿತ್ಸಾಲಯ ಹನ್ನೆರಡು ಕಿಲೋಮೀಟರು ದೂರ. ಅರ್ಧ ದಾರಿಯಲ್ಲಿ ಕಾಳನ ಕಿವಿಗಳು ಅದುರತೊಡಗಿದುವು. ಬಳಿಕ ಕಾಲು, ಬಳಿಕ ಮೈಯೆಲ್ಲ. ಚಿಕಿತ್ಸಾಲಯದ ಮೇಜಿನ ಮೇಲೆ ಮಲಗಿಸುವ ಹೊತ್ತಿಗೆ ಸೆಳವು ಬಂದಿತ್ತು. ಮೈಕಾವು ೧೦೬ ಡಿಗ್ರಿಯನ್ನು ಮುಟ್ಟಿತ್ತು. ಆರೋಗ್ಯವಾದ ನಾಯಿಗೆ ಅದು ೧೦೧ರಿಂದ ೧೦೨.೫ರ ವರೆಗೆ ಇರತಕ್ಕದ್ದು.

ಮೆಟಾಲ್ಡಿಹೈಡಿಗೆ ಇಂಥದೇ ಎಂಬ ಪ್ರತಿವಿಷವಿಲ್ಲ. ವಿಷವು ಮೈಯನ್ನು ಬಿಟ್ಟುಹೋಗುವ ತನಕ ನಾಯಿಯನ್ನು ಸಾಯಗೊಡದೆ ಹಿಡಿದುಕೊಂಡಿರುವುದೇ ಅದರ ಚಿಕಿತ್ಸೆ. ವೈದ್ಯರು ರಕ್ತನಾಳಕ್ಕೆ ಸೂಜಿಮದ್ದು ಕೊಟ್ಟು ಸೆಳವನ್ನು ನಿಲ್ಲಿಸಿದರು. ಮಂಪರಿನಲ್ಲಿಯೇ ಹೊಟ್ಟೆಯನ್ನು ತೊಳೆದು, ವಿಷವನ್ನು ಹೀರತಕ್ಕ ಔಷಧದ ಇದ್ದಿಲನ್ನು ಒಳಗಿಳಿಸಿದರು. ಒದ್ದೆಬಟ್ಟೆಯಿಂದಲೂ ಬೀಸಣಿಗೆಯ ಗಾಳಿಯಿಂದಲೂ ಮೈಯನ್ನು ತಣಿಸಿದರು. ರಾತ್ರಿಯೆಲ್ಲ ಲವಣದ್ರವ ಹನಿಯುತ್ತಿತ್ತು. ಮೂರನೆಯ ದಿನ ಕಾಳ ತಾನಾಗಿ ಎದ್ದು ನಿಂತ. ಯಕೃತ್ತಿಗೆ ಹಾನಿಯಾಗಿದ್ದರೆ ಅದು ಎರಡು ಮೂರು ದಿನಗಳಾದ ಮೇಲೆ ತೋರುವುದುಂಟೆಂದು ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿ, ದೋಷವಿಲ್ಲವೆಂದು ಕಂಡ ಮೇಲೆಯೇ ಮನೆಗೆ ಕಳುಹಿಸಿದರು.

ನಮ್ಮ ಪರಿಚಯದ ಇನ್ನೊಂದು ಮನೆಯ ಕಥೆ ಹೀಗೆ ಮುಗಿಯಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬನು ಉಗ್ರಾಣದ ಹಿಂದೆ ಇಲಿಯ ಮದ್ದಿನ ಬಿಲ್ಲೆಗಳನ್ನಿಟ್ಟಿದ್ದ. ಮರುದಿನ ನೋಡಿದರೆ ಬಿಲ್ಲೆಗಳಿಲ್ಲ. ನಾಯಿಯ ಮೂತಿಗೆ ನೀಲಿಯ ಬಣ್ಣ. ಬೈಗುಳಕ್ಕೆ ಹೆದರಿ ಅವನು ಮೂತಿಯನ್ನು ಒರಸಿ ಸುಮ್ಮನಾದ. ನಾಯಿಯೂ ಎರಡು ದಿನ ಚೆನ್ನಾಗಿಯೇ ಉಂಡು ಓಡಾಡಿಕೊಂಡಿತ್ತು. ನಾಲ್ಕನೆಯ ದಿನ ಒಸಡಿನಿಂದ ರಕ್ತ ಜಿನುಗಿತು, ಏದುಸಿರು ಹತ್ತಿತು. ವೈದ್ಯರು ಬರುವ ಹೊತ್ತಿಗೆ ಎದೆಯೊಳಗೆ ರಕ್ತ ತುಂಬಿ ಪ್ರಾಣ ಹೋಗಿತ್ತು. ಆ ಹುಡುಗನು ಕ್ರೂರನಲ್ಲ; ನಾಯಿಗೆ ದಿನವೂ ಅನ್ನ ಹಾಕುತ್ತಿದ್ದವನು ಅವನೇ. ಸತ್ಯವನ್ನು ಹೇಳಿದರೆ ಪೆಟ್ಟು ಬೀಳುವ ಮನೆಯಲ್ಲಿ ಸತ್ಯವು ತಡವಾಗಿ ಹೊರಬೀಳುತ್ತದೆ. ವಿಷದ ವಿಷಯದಲ್ಲಿ ತಡವೆಂದರೆ ಮೃತ್ಯುವೇ. ಆದಕಾರಣ ಮನೆಯ ಯಜಮಾನರೂ ಯಜಮಾನಿಯರೂ ಮಕ್ಕಳಿಗೂ ಆಳುಕಾಳುಗಳಿಗೂ ಒಂದು ಅಭಯವನ್ನು ಮೊದಲೇ ಕೊಟ್ಟಿರಬೇಕು: ಇಂಥ ಸಂಗತಿಯನ್ನು ಯಾರು ಬಂದು ಹೇಳಿದರೂ ಅವರನ್ನು ಗದರಿಸುವುದಿಲ್ಲ, ದಂಡಿಸುವುದಿಲ್ಲ ಎಂದು.

ಇನ್ನು, ನಾಯಿ ವಿಷ ತಿಂದಿತೆಂದು ತಿಳಿದಾಗ ಮಾಡತಕ್ಕ ಕೆಲಸಗಳ ಕ್ರಮವನ್ನು ಹೇಳುವೆವು.

ಪ್ರಥಮತಃ ನಾಯಿಯನ್ನು ವಿಷದಿಂದ ದೂರಕ್ಕೆ ಒಯ್ಯಬೇಕು. ಉಳಿದ ಸಾಕುಪ್ರಾಣಿಗಳನ್ನೂ ಮಕ್ಕಳನ್ನೂ ಆ ಜಾಗಕ್ಕೆ ಬಿಡಕೂಡದು. ಬಾಯಿಯಲ್ಲಿ ಗುಳಿಗೆಯ ಚೂರು ಕಾಣುತ್ತಿದ್ದು, ನಾಯಿಯು ಶಾಂತವಾಗಿದ್ದರೆ, ಕೈಚೀಲ ತೊಟ್ಟು ಅದನ್ನು ತೆಗೆಯಬಹುದು. ನಡುಗುತ್ತಿರುವ ಅಥವಾ ಸೆಳವು ಬಂದಿರುವ ನಾಯಿಯ ಬಾಯಿಗೆ ಬೆರಳಿಡಬಾರದು. ಅದು ನಮ್ಮನ್ನು ಬಲ್ಲ ನಾಯಿಯಾಗಿರಬಹುದು. ಆ ಕ್ಷಣದಲ್ಲಿ ಅದಕ್ಕೆ ತನ್ನ ದವಡೆಯ ಮೇಲೆ ಸ್ವಾಧೀನವಿರುವುದಿಲ್ಲ.

ಎರಡನೆಯದಾಗಿ, ಪೊಟ್ಟಣವನ್ನೋ ಡಬ್ಬಿಯನ್ನೋ ಹುಡುಕಿ ಕೈಗೆ ತೆಗೆದುಕೊಳ್ಳಬೇಕು. ಚೀಟಿ ಹರಿದಿದ್ದರೆ ಹರಿದ ಚೂರೇ ಆಗಲಿ, ಉಳಿದ ಗುಳಿಗೆಯೇ ಆಗಲಿ, ನಾಯಿ ಕಕ್ಕಿದ್ದರೆ ಆ ವಾಂತಿಯೇ ಆಗಲಿ, ಒಂದು ಚೀಲದಲ್ಲಿ ಕಟ್ಟಿ ಒಯ್ಯಬೇಕು. ತಿಂದ ಹೊತ್ತನ್ನೂ ಅಂದಾಜಿನ ಪ್ರಮಾಣವನ್ನೂ ಬರೆದುಕೊಳ್ಳಬೇಕು. ಪ್ರಮಾಣದಲ್ಲಿ ಸಂದೇಹವಿದ್ದರೆ ಹೆಚ್ಚಿನದನ್ನೇ ಹೇಳತಕ್ಕದ್ದು.

ಮೂರನೆಯದಾಗಿ, ಲಕ್ಷಣಗಳು ತೋರಲೆಂದು ಕಾಯದೆ ಕೂಡಲೆ ಪಶುವೈದ್ಯರಿಗೆ ಫೋನು ಮಾಡಬೇಕು. ಹೊಟ್ಟೆಯಲ್ಲಿರುವ ವಿಷವನ್ನು ವಾಂತಿಯಿಂದ ಹೊರಕ್ಕೆ ತರುವ ಅವಕಾಶವು ಸಾಮಾನ್ಯವಾಗಿ ಮೊದಲ ಒಂದೆರಡು ಗಂಟೆಗಳಷ್ಟೇ. ಆಮೇಲೆ ಅದು ಕರುಳಿಗೆ ಇಳಿದುಬಿಡುತ್ತದೆ. ವೈದ್ಯರ ಬಳಿ ಇದಕ್ಕೆ ತಕ್ಕ ಸೂಜಿಮದ್ದುಗಳುಂಟು. ಊರಿನ ವೈದ್ಯರು ಸಿಕ್ಕದಿದ್ದರೆ ಪಶುಚಿಕಿತ್ಸೆಗಾಗಿ ಸರ್ಕಾರವು ಇಟ್ಟಿರುವ ೧೯೬೨ ಎಂಬ ಸಂಖ್ಯೆಗೆ ಕರೆ ಮಾಡಿ ಹತ್ತಿರದ ಚಿಕಿತ್ಸಾಲಯವನ್ನು ವಿಚಾರಿಸಬಹುದು. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ಈ ಸಂಖ್ಯೆಗಳನ್ನೂ, ರಾತ್ರಿ ತೆರೆದಿರುವ ಚಿಕಿತ್ಸಾಲಯ ಯಾವುದೆಂಬುದನ್ನೂ ಅಡಿಗೆಮನೆಯ ಗೋಡೆಯ ಮೇಲೆ ಬರೆದಿಟ್ಟಿರುವುದು ಉತ್ತಮ.

ನಾಲ್ಕನೆಯದಾಗಿ, ಮೈಮೇಲೆ ಮದ್ದು ಚೆಲ್ಲಿದ್ದರೆ ಸಾಬೂನಿನ ನೀರಿನಿಂದ ತೊಳೆಯಬೇಕು. ಇಲ್ಲದಿದ್ದರೆ ನಾಯಿಯು ನೆಕ್ಕಿ ನೆಕ್ಕಿ ಮತ್ತಷ್ಟು ನುಂಗುತ್ತದೆ. ಕೆಲವು ಮದ್ದುಗಳು ಚರ್ಮದ ಮೂಲಕವೇ ಒಳಗಿಳಿಯುವುವಾದ್ದರಿಂದ ತೊಳೆಯುವವರು ಕೈಚೀಲ ತೊಟ್ಟಿರತಕ್ಕದ್ದು. ತೊಳೆಯುವ ನೆಪದಿಂದ ಹೊರಡುವುದು ತಡವಾಗಬಾರದು. ಸಾಗಿಸುವಾಗ ಗದ್ದಲವಿಲ್ಲದೆ, ಮೈಗೆ ಮೆತ್ತಗೆ ಬಟ್ಟೆ ಸುತ್ತಿ, ಕತ್ತನ್ನು ನೇರವಾಗಿಟ್ಟು, ವಾಹನದ ಕಿಟಕಿಗಳನ್ನು ತೆರೆದಿಟ್ಟು ಕರೆದೊಯ್ಯಬೇಕು. ಸದ್ದು, ಬೆಳಕು, ಸೆಖೆ ಇವು ಮೂರೂ ಸೆಳವನ್ನು ಹೆಚ್ಚಿಸುತ್ತವೆ.

ಮಾಡಬಾರದವುಗಳ ಪಟ್ಟಿಯೂ ಇಷ್ಟೇ ಮುಖ್ಯ. ನಮ್ಮ ಮನೆಗಳಲ್ಲಿ ವಿಷಕ್ಕೆ ಕೈಮದ್ದುಗಳು ಬಹಳ. ಉಪ್ಪುನೀರು, ಹುಣಿಸೆಯ ನೀರು, ಕೊಬ್ಬರಿಯೆಣ್ಣೆ, ಹಾಲು, ಮೊಟ್ಟೆಯ ಬಿಳಿ, ಸಾಬೂನಿನ ನೀರು, ಒಲೆಯ ಇದ್ದಿಲ ಪುಡಿ, ಹೀಗೆ ಒಂದೊಂದು ಮನೆಗೆ ಒಂದೊಂದು. ವೈದ್ಯರು ಇಪ್ಪತ್ತು ಮೈಲಿ ದೂರವಿದ್ದ ಕಾಲದಲ್ಲಿ ಹುಟ್ಟಿದ ಉಪಾಯಗಳು ಇವು. ಅವುಗಳನ್ನು ಕಲಿಸಿದ ಹಿರಿಯರನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಇಂದಿನ ವಿಷಗಳೇ ಬೇರೆ. ಹೆಚ್ಚು ಉಪ್ಪು ನಾಯಿಗೆ ತಾನೇ ಒಂದು ವಿಷ. ವಾಂತಿಯಾಗದೆ ಹೊಟ್ಟೆಯಲ್ಲಿ ಉಳಿದರೆ ರಕ್ತದಲ್ಲಿ ಲವಣವೇರಿ ಮಿದುಳಿಗೆ ಪೆಟ್ಟು ತಗಲುತ್ತದೆ. ಎಣ್ಣೆಯೂ ಹಾಲಿನ ಕೊಬ್ಬೂ ಕೆಲವು ವಿಷಗಳು ಬೇಗನೆ ಮೈಗೆ ಹತ್ತುವುದಕ್ಕೆ ಸಹಾಯ ಮಾಡುತ್ತವೆ. ಒಲೆಯ ಇದ್ದಿಲಿಗೆ ಔಷಧದ ಇದ್ದಿಲಿನ ಹೀರುವ ಗುಣವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನಡುಗುವ ನಾಯಿಯ ಗಂಟಲಿಗೆ ಏನನ್ನು ಹೊಯ್ದರೂ ಅದು ಹೊಟ್ಟೆಯ ಬದಲು ಶ್ವಾಸಕೋಶವನ್ನು ಸೇರಬಹುದು. ವಿಷದಿಂದ ಉಳಿದ ನಾಯಿಯು ಹೀಗೆ ಹೊಯ್ದ ಮದ್ದಿನಿಂದ ಸತ್ತದ್ದುಂಟು. ವಾಂತಿ ಮಾಡಿಸುವುದೇ ಆದರೂ ಅದು ವೈದ್ಯರ ಅಪ್ಪಣೆಯಿಂದಲೇ ಆಗತಕ್ಕದ್ದು. ಸೀಮೆಯೆಣ್ಣೆಯಂಥ ದ್ರವದಲ್ಲಿ ಕರಗಿಸಿದ ಮದ್ದನ್ನೂ, ಗಂಟಲನ್ನು ಸುಡತಕ್ಕ ಆಮ್ಲ ಕ್ಷಾರಗಳನ್ನೂ ಕುಡಿದಿರುವ ನಾಯಿಗೆ ವಾಂತಿ ಮಾಡಿಸುವುದು ಸರ್ವಥಾ ಕೂಡದು.

ವಿಷಗಳ ಜಾತಿಯನ್ನು ಸ್ಥೂಲವಾಗಿ ತಿಳಿದಿದ್ದರೆ ವೈದ್ಯರ ಮಾತನ್ನು ಗ್ರಹಿಸುವುದು ಸುಲಭ. ಬಸವನಹುಳುವಿನ ಗುಳಿಗೆಯನ್ನು ಕುರಿತು ಹೇಳಿಯಾಯಿತು. ಅದರ ಲಕ್ಷಣಗಳು ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ತೋರುತ್ತವೆ: ಚಡಪಡಿಕೆ, ಏದುಸಿರು, ಅದುರುವಿಕೆ, ಕೊನೆಗೆ ಸೆಳವು ಮತ್ತು ಬೆಂಕಿಯಂಥ ಮೈಕಾವು. ನಾಯಿಗಳಿಗಿಂತಲೂ ಕಾಡಿನ ಹಕ್ಕಿಗಳಿಗೂ ಸಣ್ಣ ಪ್ರಾಣಿಗಳಿಗೂ ಇದರಿಂದಾಗುವ ಹಾನಿಯನ್ನು ಕಂಡು ಬ್ರಿಟನ್ನಿನಲ್ಲಿ ೨೦೨೨ರ ಮಾರ್ಚ್ ೩೧ರಿಂದ ಹೊರಗಿನ ತೋಟಗಳಲ್ಲಿ ಇದರ ಬಳಕೆಯನ್ನು ನಿಲ್ಲಿಸಿದ್ದಾರೆ.

ಎರಡನೆಯ ಜಾತಿಯು ರಂಜಕಸಂಬಂಧದ ಕೀಟನಾಶಕಗಳೂ ಕಾರ್ಬಮೇಟುಗಳೂ. ಬಾಳೆ, ಶುಂಠಿ ಮುಂತಾದ ಬೆಳೆಗಳ ಬುಡಕ್ಕೆ ಹಾಕುತ್ತಿದ್ದ ಮರಳಿನಂಥ ಫೋರೇಟ್ ಈ ಜಾತಿಯದು. ೨೦೧೮ರ ಆಜ್ಞೆಯ ಪ್ರಕಾರ ೨೦೨೦ರ ಡಿಸೆಂಬರ್ ೩೧ರಿಂದ ಫೋರೇಟನ್ನು ಕೇಂದ್ರ ಸರ್ಕಾರವು ನಿಷೇಧಿಸಿದೆ. ಆದರೆ ನಿಷೇಧವು ಅಟ್ಟದ ಮೇಲಿನ ಹಳೆಯ ಡಬ್ಬಿಯನ್ನು ತಾನಾಗಿ ಖಾಲಿ ಮಾಡುವುದಿಲ್ಲ. ಇವುಗಳನ್ನು ತಿಂದ ನಾಯಿಗೆ ಬಾಯಿಯಿಂದ ಜೊಲ್ಲು ಧಾರೆಯಾಗಿ ಸುರಿಯುತ್ತದೆ. ಕಣ್ಣೀರು, ವಾಂತಿ, ಭೇದಿ, ಮೂತ್ರ ಎಲ್ಲವೂ ಹತೋಟಿ ತಪ್ಪುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಉಸಿರ್ನಾಳದಲ್ಲಿ ನೀರು ತುಂಬುತ್ತದೆ. ಸಂತೋಷದ ಸಂಗತಿಯೆಂದರೆ ಇದಕ್ಕೆ ಅಟ್ರೊಪೀನ್ ಎಂಬ ಪ್ರತಿವಿಷವುಂಟು. ಬೇಗ ಒಯ್ದರೆ ಸಾವಿನ ಬಾಗಿಲಿನಿಂದಲೂ ನಾಯಿಯು ಹಿಂತಿರುಗುತ್ತದೆ.

ಮೂರನೆಯದು ಇಲಿಯ ಮದ್ದು. ಇದರಲ್ಲಿಯೂ ಎರಡು ಮುಖ್ಯ ಬಗೆ. ಕಪ್ಪುಬೂದು ಬಣ್ಣದ ಜಿಂಕ್ ಫಾಸ್ಫೈಡು ಹೊಟ್ಟೆಯ ಆಮ್ಲದೊಡನೆ ಕೂಡಿ ಫಾಸ್ಫೀನ್ ಎಂಬ ವಿಷವಾಯುವನ್ನು ಉಂಟುಮಾಡುತ್ತದೆ. ಅನ್ನ ಹಾಕಿದರೆ ಆಮ್ಲ ಹೆಚ್ಚಿ ವಾಯುವೂ ಹೆಚ್ಚುವುದರಿಂದ, ಕರುಣೆಯಿಂದಲಾದರೂ ಆ ನಾಯಿಗೆ ತಿನ್ನಲು ಕೊಡಬಾರದು. ಅದರ ವಾಂತಿಯಿಂದ ಏಳುವ ಬೆಳ್ಳುಳ್ಳಿಯಂಥ ವಾಸನೆಯ ವಾಯುವು ಮನುಷ್ಯರಿಗೂ ಅಪಾಯಕರ. ಮುಚ್ಚಿದ ಕೋಣೆಯಲ್ಲಿಯಾಗಲಿ ಮುಚ್ಚಿದ ಕಾರಿನಲ್ಲಿಯಾಗಲಿ ಅದರ ಬಳಿ ಕೂರತಕ್ಕದ್ದಲ್ಲ. ಇನ್ನೊಂದು ಬಗೆ ಬ್ರೊಮಾಡಿಯೊಲೋನಿನಂಥ, ರಕ್ತವನ್ನು ಹೆಪ್ಪುಗಟ್ಟಗೊಡದ ಮದ್ದು. ಮೇಲೆ ಹೇಳಿದ ನೀಲಿ ಬಿಲ್ಲೆ ಈ ಬಗೆಯದು. ಯಕೃತ್ತು ವಿಟಮಿನ್ ಕೆ ಎಂಬುದರ ಸಹಾಯದಿಂದ ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ತಯಾರಿಸುತ್ತದೆ. ಈ ಮದ್ದು ಆ ತಯಾರಿಕೆಯನ್ನು ನಿಲ್ಲಿಸುತ್ತದೆ. ರಕ್ತದಲ್ಲಿ ಮೊದಲೇ ಇದ್ದ ದ್ರವ್ಯ ಎರಡು ಮೂರು ದಿನ ನಡೆಯುವುದರಿಂದ ನಾಯಿ ಆರೋಗ್ಯವಾಗಿರುವಂತೆಯೇ ಕಾಣುತ್ತದೆ. ಆ ದಿನಗಳೇ ಅದನ್ನು ಉಳಿಸಿಕೊಳ್ಳತಕ್ಕ ದಿನಗಳು. ವಿಟಮಿನ್ ಕೆ೧ ಇದಕ್ಕೆ ಪ್ರತಿವಿಷ. ಅದನ್ನು ವೈದ್ಯರು ಹೇಳಿದಷ್ಟು ಕಾಲ, ಅನೇಕ ವೇಳೆ ಮೂರು ನಾಲ್ಕು ವಾರ, ಬಿಡದೆ ಕೊಡಬೇಕು. ನಾಯಿ ಚೆನ್ನಾಗಿದೆಯೆಂದು ನಡುವೆ ನಿಲ್ಲಿಸಿದರೆ ಮೊದಲಿನ ಅಪಾಯವೇ ಮರುಕಳಿಸುತ್ತದೆ.

ವಿಷವೆಂದು ಯಾರೂ ಎಣಿಸದ ಎರಡು ಪದಾರ್ಥಗಳನ್ನು ಕುರಿತು ಒಂದು ಮಾತು. ಹೂಗಿಡಗಳಿಗೆ ಹಾಕುವ ಹರಳಿನ ಹಿಂಡಿಯಲ್ಲಿ, ಚೆನ್ನಾಗಿ ಕಾಯಿಸಿ ಶುದ್ಧಮಾಡದಿದ್ದರೆ, ರಿಸಿನ್ ಎಂಬ ಘೋರ ವಿಷವು ಉಳಿದಿರುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಮೂಳೆಯ ಗೊಬ್ಬರವಾದರೋ ನಾಯಿಗೆ ಪರಮಾನ್ನದಂತೆ ತೋರುತ್ತದೆ. ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಗಾರೆಯಂತೆ ಗಟ್ಟಿಯಾಗಿ ನಿಲ್ಲುವುದುಂಟು. ಇವೆರಡನ್ನೂ ಬೆರೆಸಿ ಗುಲಾಬಿಯ ಬುಡಕ್ಕೆ ಹಾಕಿದರೆ ಮೂಳೆಯ ವಾಸನೆಯು ನಾಯಿಯನ್ನು ರಿಸಿನ್ನಿನ ಬಳಿಗೆ ಕರೆತರುತ್ತದೆ.

ನಮ್ಮ ದೇಶದಲ್ಲಿ ೧೯೬೮ರ ಕೀಟನಾಶಕಗಳ ಅಧಿನಿಯಮವೂ ಅದರ ಮೇರೆಗೆ ೧೯೭೧ರಲ್ಲಿ ಮಾಡಿದ ನಿಯಮಗಳೂ ಗೃಹಸ್ಥರಿಗೆ ಒಂದು ಉಪಕಾರವನ್ನು ಮಾಡಿವೆ. ಪ್ರತಿ ಡಬ್ಬಿಯ ಮೇಲೆ ವಜ್ರಾಕಾರದ ಒಂದು ಗುರುತಿರಬೇಕು; ಅದರ ಕೆಳಗಿನ ತ್ರಿಕೋಣದ ಬಣ್ಣವು ವಿಷದ ತೀಕ್ಷ್ಣತೆಯನ್ನು ತಿಳಿಸುತ್ತದೆ. ಕೆಂಪೆಂದರೆ ಅತ್ಯುಗ್ರ, ಹಳದಿಯೆಂದರೆ ಉಗ್ರ, ನೀಲಿಯೆಂದರೆ ಮಧ್ಯಮ, ಹಸುರೆಂದರೆ ಅಲ್ಪ. ಓದು ಬಾರದವರಿಗೂ ಇದು ಅರ್ಥವಾಗತಕ್ಕದ್ದು. ವಿಷದ ಲಕ್ಷಣಗಳನ್ನೂ ಪ್ರತಿವಿಷವನ್ನೂ ಜೊತೆಯ ಚೀಟಿಯಲ್ಲಿ ಅಚ್ಚುಹಾಕಿರುತ್ತಾರೆ. ಆದಕಾರಣ ಮದ್ದನ್ನು ಕಾಗದದ ಪೊಟ್ಟಣಕ್ಕೋ ಉಪ್ಪಿನಕಾಯಿಯ ಬಾಟಲಿಗೋ ಬಿಡಿಯಾಗಿ ಸುರಿಸಿಕೊಂಡು ಬರುವುದು ದೊಡ್ಡ ಅವಿವೇಕ. ಹಾಗೆ ತಂದ ಮದ್ದಿಗೆ ಹೆಸರೂ ಇಲ್ಲ, ಬಣ್ಣವೂ ಇಲ್ಲ, ಪ್ರತಿವಿಷವೂ ಇಲ್ಲ. ನಾಯಿಯ ಬಾಯಿಗೆ ಎಟಕುವುದು ಅಂಬೆಗಾಲಿಡುವ ಮಗುವಿನ ಕೈಗೂ ಎಟಕುತ್ತದೆ. ಮನುಷ್ಯರಿಗೆ ವಿಷವೇರಿದಾಗ ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷಮಾಹಿತಿ ಕೇಂದ್ರವು ೧೮೦೦ ೧೧೬ ೧೧೭ ಎಂಬ ಸಂಖ್ಯೆಯಲ್ಲಿ ಸಲಹೆ ಕೊಡುತ್ತದೆ.

ವಿಷವೇ ಇಲ್ಲದೆ ತೋಟವನ್ನು ಕಾಯಲಾಗದೆ ಎಂದು ಕೇಳಬಹುದು. ಸಣ್ಣ ಹಿತ್ತಿಲಿಗೆ ಸಾಕಾಗುವಷ್ಟು ಉಪಾಯಗಳು ಇವೆ. ಸಂಜೆ ಒದ್ದೆ ಗೋಣಿಚೀಲವನ್ನೂ ಎಲೆಕೋಸಿನ ಅಥವಾ ಪರಂಗಿಯ ಎಲೆಗಳನ್ನೂ ಅಲ್ಲಲ್ಲಿ ಹಾಸಿಟ್ಟರೆ ಬೆಳಗಾಗುವುದರೊಳಗೆ ಬಸವನಹುಳುಗಳು ಅದರಡಿಯಲ್ಲಿ ಸೇರಿರುತ್ತವೆ. ಅವುಗಳನ್ನು ಆಯ್ದು ಉಪ್ಪುನೀರಿನ ಬಕೀಟಿಗೆ ಹಾಕಿ, ಆಮೇಲೆ ನಾಯಿ ಕೆದಕದಷ್ಟು ಆಳದಲ್ಲಿ ಹೂಳಬೇಕು. ಬರಿಗೈಯಿಂದ ಮುಟ್ಟಬಾರದು, ಮಿದುಳಿಗೆ ಏರತಕ್ಕ ಒಂದು ಬಗೆಯ ಸೂಕ್ಷ್ಮಹುಳು ಇವುಗಳಲ್ಲಿ ಇರುವುದುಂಟು. ಗುಳಿಗೆ ಬೇಕೇಬೇಕೆಂದಾದರೆ ಕಬ್ಬಿಣದ ಫಾಸ್ಫೇಟಿನಿಂದ ಮಾಡಿದುದು ಮೆಟಾಲ್ಡಿಹೈಡಿಗಿಂತ ನಾಯಿಗೆ ಬಹಳ ಕಡಮೆ ಅಪಾಯದ್ದು. ಅದನ್ನೂ ರಾಶಿಯಾಗಿ ಸುರಿಯದೆ ವಿರಳವಾಗಿ ಚೆಲ್ಲಬೇಕು. ಇಲಿಗೆ ಬೋನು ಉಂಟು. ಮದ್ದುಗಳನ್ನು ಬೀಗ ಹಾಕುವ ಕಪಾಟಿನಲ್ಲಿ ಎತ್ತರದಲ್ಲಿಡಬೇಕು. ವಿಷವನ್ನು ಹಾಕುವ ದಿನ ಅಕ್ಕಪಕ್ಕದ ಮನೆಯವರಿಗೆ ಒಂದು ಮಾತು ತಿಳಿಸುವುದನ್ನು ನಮ್ಮ ಬೀದಿಯಲ್ಲಿ ಈಗ ಎಲ್ಲರೂ ರೂಢಿಯಾಗಿ ಇಟ್ಟುಕೊಂಡಿದ್ದೇವೆ. ಇದಕ್ಕೆ ಖರ್ಚಿಲ್ಲ, ಬೇಲಿಯ ಬಳಿ ನಿಂತು ಕೂಗಿದರೆ ಸಾಕು.

ಒಂದು ಜೀವವನ್ನು ಮನೆಗೆ ತಂದುಕೊಂಡವರು ಅದಕ್ಕೆ ಅನ್ನ ನೀರು ಕೊಟ್ಟಮಾತ್ರಕ್ಕೆ ತಮ್ಮ ಹೊಣೆ ತೀರಿತೆಂದು ಭಾವಿಸುವುದುಂಟು. ನಾಯಿಗೆ ಚೀಟಿಯನ್ನು ಓದಲು ಬಾರದು. ಅದರ ಪಾಲಿನ ಓದನ್ನೂ ನಾವೇ ಓದಬೇಕು. ಹೊಟ್ಟೆಯಲ್ಲಿ ಸಂಕಟವಾಗುತ್ತಿದೆಯೆಂದು ಹೇಳಲು ಬಾರದು. ಅದರ ಪಾಲಿನ ಮಾತನ್ನೂ ನಾವೇ ವೈದ್ಯರಿಗೆ ಹೇಳಬೇಕು. ಈ ಲೇಖನವನ್ನು ಓದಿದ ವಾಚಕರಲ್ಲಿ ಯಾರಾದರೂ ಇಂದು ಸಂಜೆಯೇ ಅಟ್ಟವನ್ನೂ ಉಗ್ರಾಣವನ್ನೂ ಒಮ್ಮೆ ಶೋಧಿಸಿ, ಹೆಸರಿಲ್ಲದ ಪೊಟ್ಟಣಗಳು ಎಷ್ಟಿವೆಯೆಂದು ಎಣಿಸಿ, ಪಶುವೈದ್ಯರ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದರೆ, ನಾವು ಇಷ್ಟು ಬರೆದ ಶ್ರಮಕ್ಕೆ ಅದೇ ತಕ್ಕ ಪ್ರತಿಫಲ.